ಬೆಳ್ಳಿ ಕೊಟ್ಟು ಹಸು ಕೊಂಡ ಕ್ಯಾಂಪಿನಕ್ಕ

ಹೋದ ತಿಂಗಳು ಮರಿಮಗನಿಗೆ ಬೆಳ್ಳಿ ಉಡಿದಾರ ಕೊಳ್ಳಲು ಪಿರಿಯಾಪಟ್ಟಣದ ಒಂದು ಚಿನ್ನಬೆಳ್ಳಿ ಅಂಗಡಿಗೆ ಹೋಗಿದ್ದೆ. ಪಕ್ಕದಲ್ಲಿ ಕೂತಿದ್ದ ರೈತರೊಬ್ಬರು ಅಂಗಿ ಜೇಬಿನಿಂದ ಹಳೇ ಬೆಳ್ಳಿ ರೂಪಾಯಿಯೊಂದನ್ನು ತೆಗೆದು ಗಾಜಿನ ಮೇಲಿಟ್ಟರು. ಹಳೇ ಮನೆ ಕೆಡವುವಾಗ ಗೋಡೆಯಲ್ಲಿ ಸಿಕ್ಕಿತಂತೆ. ಅಂಗಡಿಯವನು ಅದನ್ನು ಬೆಳ್ಳಿಯ ಶುದ್ಧತೆ ನೋಡುವ ಮೆಷಿನ್ನಿನೊಳಗೆ ಇಟ್ಟು, ಅಂಕಿ ನೋಡಿ, ತೂಕ ಹಾಕಿ ಬೆಲೆ ಹೇಳಿದ. ವಾಪಸ್ ಕೊಡುವಾಗ ಅದು ಕೈಜಾರಿ ನೆಲಕ್ಕೆ ಬಿತ್ತು. ಠಣ್ ಎಂದು ಎದ್ದ ಸದ್ದು ಅಲ್ಲಿಗೇ ನಿಲ್ಲಲಿಲ್ಲ, ಎಳೆ ಎಳೆಯಾಗಿ ಸಣ್ಣಗಾಗುತ್ತಾ ಹೋಯಿತು... ಅಂಗಡಿಯಲ್ಲಿದ್ದ ಬೇರೆ ಯಾರೂ ತಲೆ ಎತ್ತಿ ನೋಡಲಿಲ್ಲ. ನಾನು ಮಾತ್ರ ಉಡಿದಾರ ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಇಂಥದೇ ಸದ್ದು ಮಾಡುತ್ತಾ ಒಬ್ಬ ಹೆಂಗಸು ನನ್ನ ಬದುಕಿನೊಳಗೆ ಬಂದಿದ್ದಳು.

ಆಗ ನಾನು ಬೆಟ್ಟದಪುರದ ಕಡೆಯ ತವರಿನಿಂದ ಈ ಊರಿಗೆ ಸೊಸೆಯಾಗಿ ಬಂದು ವರ್ಷ ತುಂಬಿತ್ತೋ ಇಲ್ಲವೋ. ನಮ್ಮೂರಿನ ಹೊಲಗಳನ್ನು ದಾಟಿ ಸ್ವಲ್ಪ ನಡೆದರೆ, ಟಿಬೆಟ್ಟಿನಿಂದ ಬಂದವರಿಗೆ ಸರ್ಕಾರ ಕೊಟ್ಟ ಜಮೀನು ಮತ್ತು ಸಾಲುಮನೆಗಳು. ನಮ್ಮವರು ಅದನ್ನು ಕ್ಯಾಂಪು ಅನ್ನುತ್ತಿದ್ದರು, ಈಗಲೂ ಹಾಗೇ ಅನ್ನುತ್ತಾರೆ. ಕಾಡಿದ್ದ ಜಾಗ ಹಸನು ಮಾಡಿಕೊಂಡು ಅವರು ಮುಸುಕಿನ ಜೋಳ ಬೆಳೆಯುತ್ತಿದ್ದರು. ಸಂತೆಯಲ್ಲಿ ಎದುರಾಗುತ್ತಿದ್ದರು. ಅವರ ಮಾತು ನಮಗೆ ತಿಳಿಯದು, ನಮ್ಮದು ಅವರಿಗೆ ತಿಳಿಯದು. ಎರಡು ಕಡೆಯವರೂ ನಕ್ಕು ಮುಂದೆ ಹೋಗುತ್ತಿದ್ದೆವು, ಅಷ್ಟೇ.

ನನ್ನ ಮದುವೆಯಲ್ಲಿ ತವರಿನವರು ಒಂದು ಕೆಂದ ಹಸುವನ್ನು ಬಳುವಳಿ ಕೊಟ್ಟಿದ್ದರು. ಈ ಮನೆಗೆ ಬಂದ ಮೇಲೆ ಅದು ಕರು ಹಾಕಿತು. ಮನೆಯಲ್ಲಿ ಬೇರೆ ಹಸುಗಳೂ ಇದ್ದುದರಿಂದ ಅದರ ಹಾಲೂ ಅವುಗಳ ಹಾಲಿನೊಳಗೆ ಸೇರಿ ಹೋಗುತ್ತಿತ್ತು. ನನಗೋ ಹೊಲಿಗೆ ಬರುತ್ತಿತ್ತು, ಒಂದು ಹೊಲಿಗೆ ಮೆಷಿನ್ನು ಬೇಕು ಅನ್ನುವ ಆಸೆ ಜೋರಾಗಿತ್ತು. ಆದರೆ ಮಾವನವರ ಮುಂದೆ ಬಾಯಿ ಬಿಡುವ ಧೈರ್ಯ ಎಲ್ಲಿಂದ ಬರಬೇಕು? ಅವರಿಗೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಚಿಂತೆಯೊಂದು ಬಿಟ್ಟು ಬೇರೆ ಚಿಂತೆ ಇರಲಿಲ್ಲ. ಅದಕ್ಕೆ ಹೊಸ ಪೈಪು ಹಾಕಿಸಬೇಕು ಎಂದು ಬೆಳಗಾದರೆ ಅದೇ ಮಾತು.

ಹೀಗಿರುವಾಗ ಒಂದು ಬೆಳಿಗ್ಗೆ ಕ್ಯಾಂಪಿನ ಹೆಂಗಸೊಬ್ಬಳು ಬೆನ್ನಿಗೆ ಕೂಸು ಕಟ್ಟಿಕೊಂಡು ನಮ್ಮ ಕೊಟ್ಟಿಗೆ ಮುಂದೆ ಬಂದು ನಿಂತಳು. ನನಗಿಂತ ಎಂಟ್ಹತ್ತು ವರ್ಷ ದೊಡ್ಡವಳಿರಬೇಕು. ಬಿಸಿಲಿಗೆ ಕೆನ್ನೆ ಕಂದಿತ್ತು. ಕೆಂದ ಹಸುವನ್ನು ತೋರಿಸಿದಳು, ಬೆನ್ನಿನ ಕೂಸನ್ನು ತೋರಿಸಿದಳು, ಆಮೇಲೆ ಸೊಂಟದ ಪಟ್ಟಿಯನ್ನು ತಟ್ಟಿ ತೋರಿಸಿದಳು. ಹಸು ಕೊಡಿ, ಕೂಸಿಗೆ ಹಾಲು ಬೇಕು, ದುಡ್ಡಿದೆ ಎಂದು ತಿಳಿಯಲು ಭಾಷೆ ಬೇಕಾಗಲಿಲ್ಲ.

ಮಾವನವರು ಆಗುವುದಿಲ್ಲ ಎಂದು ಕೈಯಾಡಿಸಿದರು. ಅತ್ತೆಯವರು ಹಸುವನ್ನೊಮ್ಮೆ ನೋಡಿ, ನನ್ನ ಮುಖವನ್ನೊಮ್ಮೆ ನೋಡಿದರು. ನನ್ನ ಮೆಷಿನ್ನಿನ ಆಸೆ ಅವರಿಗೆ ಹೇಗೋ ಗೊತ್ತಿತ್ತು. "ಹಸ ನಿಂದು ಕಣವ್ವ. ಕೊಡೋದು ಬುಡೋದು ನಿನ್ನಿಷ್ಟ," ಅಂದರು. ನಂತರ ಆ ಹೆಂಗಸಿಗೆ ನನ್ನನ್ನು ತೋರಿಸಿ, ಇವಳು ಸೊಸೆ, ಇವಳನ್ನೇ ಕೇಳು ಎಂದು ಸನ್ನೆ ಮಾಡಿದರು. ಅವಳು "ಸೊಸೆ" ಎಂದು ಮೆಲ್ಲಗೆ ಹೇಳಿಕೊಂಡಳು. ಅದು ನನ್ನ ಹೆಸರು ಎಂದುಕೊಂಡಿದ್ದಳು. ಅಲ್ಲವೆಂದು ಗೊತ್ತಾದ ಮೇಲೂ ಬಿಡಲಿಲ್ಲ. ನನಗೇ ಸೊಸೆಯಂದಿರು ಬಂದ ಮೇಲೂ ಅವಳ ಬಾಯಲ್ಲಿ ನಾನು ಸೊಸೆಯೇ.

ಜಗಲಿಯ ಮೇಲೆ ಕೂತು ಸೊಂಟದ ಪಟ್ಟಿಯ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಒಳಗಿಂದ ಬೆಳ್ಳಿ ರೂಪಾಯಿಗಳು ಬಂದವು. ಅತ್ತೆಯವರು ಒಂದನ್ನು ತೆಗೆದುಕೊಂಡು ಒರಳುಕಲ್ಲಿನ ಮೇಲೆ ಬಡಿದು ಕಿವಿಗೊಟ್ಟರು. ಠಣ್ ಎಂದಿತು. ಆ ಹೆಂಗಸು ನಕ್ಕು, ಇನ್ನೊಂದನ್ನು ಎರಡು ಬೆರಳಲ್ಲಿ ಹಿಡಿದು, ಅದರ ಅಂಚಿಗೆ ಉಫ್ ಎಂದು ಊದಿ ತನ್ನ ಕಿವಿಯ ಹತ್ತಿರ ಹಿಡಿದಳು. ಆಮೇಲೆ ಅತ್ತೆಯವರ ಕಿವಿಯ ಹತ್ತಿರವೂ ಹಿಡಿದಳು. ಬೆಳ್ಳಿ ಪರೀಕ್ಷೆ ಮಾಡುವುದು ಅವರ ಕಡೆ ಹಾಗಂತೆ. ಅತ್ತೆಯವರು ಆ ನಾಣ್ಯವನ್ನು ತಿರುಗಿಸಿ ನೋಡಿದವರು ಸೀದಾ ಒಳಗೆ ಹೋದರು. ಅಕ್ಕಿಯ ಗುಡಾಣದಲ್ಲಿ ಹುಗಿಸಿಟ್ಟಿದ್ದ ತಮ್ಮದೊಂದು ರೂಪಾಯಿಯನ್ನು ತಂದು ಪಕ್ಕದಲ್ಲಿಟ್ಟರು. ಎರಡರಲ್ಲೂ ಅದೇ ಬೋಳುತಲೆಯ ಬಿಳೀ ದೊರೆ.

"ಇವಳೂರಿಗೂ ನಮ್ಮ ದೊರೇನೆ ಹೋಗಿದ್ನಾ?" ಎಂದು ಅತ್ತೆಯವರು ಆಶ್ಚರ್ಯಪಟ್ಟುಕೊಂಡರು. ದೊರೆ ಹೋಗಿರಲಿಲ್ಲ, ಅವನ ರೂಪಾಯಿ ಹೋಗಿತ್ತು. ಹೇಸರಗತ್ತೆ ಹೊಡೆದುಕೊಂಡು ಬರುವ ವ್ಯಾಪಾರಿಗಳು ಉಣ್ಣೆಗೆ ಬದಲಾಗಿ ಈ ರೂಪಾಯಿ ಕೊಡುತ್ತಿದ್ದರಂತೆ. ಇದನ್ನು ಅವಳೇ ಎಷ್ಟೋ ವರ್ಷದ ಮೇಲೆ ಹೇಳಿದಳು. ಆವತ್ತಿಗೆ ನಮಗೆ ಕಂಡದ್ದು ಇಷ್ಟೇ: ಎಲ್ಲೋ ಹಿಮದ ಬೆಟ್ಟದಾಚೆಯಿಂದ ಬಂದವಳ ಪಟ್ಟಿಯಲ್ಲೂ ನಮ್ಮ ಅಕ್ಕಿಯ ಗುಡಾಣದಲ್ಲೂ ಇದ್ದದ್ದು ಒಂದೇ ದುಡ್ಡು. ಅದಾದ ಮೇಲೆ ಅತ್ತೆಯವರು ಅವಳನ್ನು ಹೊರಗಿನವಳಂತೆ ನೋಡಲೇ ಇಲ್ಲ.

ಬೆಲೆ ಕಟ್ಟುವುದು ಹೇಗೆ ಅನ್ನುವುದನ್ನೂ ಅವಳೇ ಬಗೆಹರಿಸಿದಳು. ಜಗಲಿಯ ಅಂಚಿನಲ್ಲಿ ರೂಪಾಯಿಗಳನ್ನು ಒಂದೊಂದಾಗಿ ಸಾಲಾಗಿ ಇಡುತ್ತಾ ಹೋದಳು. ಒಂದೊಂದು ಇಟ್ಟಾಗಲೂ ಮಾವನವರ ಕಡೆಗಾಗಲಿ ಅತ್ತೆಯವರ ಕಡೆಗಾಗಲಿ ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಸಾಕು ಅನ್ನಬೇಕಾದವಳು ನಾನು. ನನಗೆ ಬೆಳ್ಳಿಯ ಧಾರಣೆಯೂ ಗೊತ್ತಿಲ್ಲ, ಹಸುವಿನ ಧಾರಣೆಯೂ ಗೊತ್ತಿಲ್ಲ. ಕಲ್ಲಿನ ಹಾಗೆ ನಿಂತಿದ್ದೆ. ಸಾಲು ಕಂಬದ ಹತ್ತಿರ ಬಂದಾಗ ಅತ್ತೆಯವರು ನನ್ನ ಹಿಂದಿನಿಂದ ಸಣ್ಣಗೆ ಕೆಮ್ಮಿದರು. ನಾನು ತಲೆಯಾಡಿಸಿಬಿಟ್ಟೆ. ಅವಳಿಗೆ ಕೆಮ್ಮು ಕೇಳಿಸಿತ್ತು. ಅತ್ತೆಯವರ ಕಡೆ ನೋಡಿ ಕೈಮುಗಿದಳು.

ಅತ್ತೆಯವರು ಸಾಲಿನಲ್ಲಿದ್ದ ಎಲ್ಲವನ್ನೂ ಕಲ್ಲಿಗೆ ಬಡಿದು ನೋಡಿದರು. ಕೊನೆಕೊನೆಯಲ್ಲಿ ಒಂದು ರೂಪಾಯಿ ಬದ್ ಎಂದಿತು. ಮತ್ತೆ ಬಡಿದರು, ಮತ್ತೆ ಹಾಗೇ. ಖೋಟಾ. ಅವಳು ಕೈಚಾಚಿ ಅದನ್ನು ತೆಗೆದುಕೊಂಡು ತಾನೂ ಬಡಿದು ಕೇಳಿದಳು. ಮುಖ ಬಾಡಿತು. ಬಹಳ ಹೊತ್ತು ಅದನ್ನೇ ನೋಡುತ್ತಿದ್ದಳು... ಅತ್ತೆಯವರು, ಹೋಗಲಿ ಬುಡು, ಒಂದು ತಾನೆ ಎಂದು ಸನ್ನೆ ಮಾಡಿದರು. ಅವಳು ಒಪ್ಪಲಿಲ್ಲ. ಪಟ್ಟಿಯಿಂದ ಬೇರೊಂದು ತೆಗೆದು ಆ ಜಾಗದಲ್ಲಿಟ್ಟಳು. ಖೋಟಾ ರೂಪಾಯಿಯನ್ನು ಎಸೆಯಲೂ ಇಲ್ಲ, ಪಟ್ಟಿಯ ಬೇರೆ ಮಡಿಕೆಯೊಳಗೆ ಜೋಪಾನವಾಗಿ ಇಟ್ಟುಕೊಂಡಳು. ಹಗ್ಗ ಅವಳ ಕೈಗೆ ಕೊಟ್ಟೆ. ಹಸು ಮುಂದೆ, ಕರು ಹಿಂದೆ, ಬೆನ್ನಿನ ಮೇಲೆ ಕೂಸು... ಹೊಲದ ದಾರಿಯಲ್ಲಿ ಹೋಗುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅವಳು ಅತ್ತ ಹೋದಮೇಲೆ ಇತ್ತ ಮನೆಯಲ್ಲಿ ಮಾತು ಶುರುವಾಯಿತು. ಆ ಬೆಳ್ಳಿ ಮಾರಿದರೆ ಬ್ಯಾರನ್ನಿನ ಪೈಪಿಗೆ ಆಗುತ್ತದೆ ಎಂದರು ಮಾವನವರು. ಅತ್ತೆಯವರು ಜೋರು ದನಿ ತೆಗೆಯುವವರಲ್ಲ. ಮೊರದಲ್ಲಿದ್ದ ಅಕ್ಕಿ ಆರಿಸುತ್ತಲೇ, "ಹಸ ಅವಳ ತವರಿಂದು. ಬೆಳ್ಳಿ ಅವಳ್ದು. ಬ್ಯಾರನ್ನು ನಿಮ್ದು," ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ನನ್ನ ಯಜಮಾನರು ನನ್ನನ್ನು ಪಿರಿಯಾಪಟ್ಟಣಕ್ಕೆ ಕರೆದುಕೊಂಡು ಹೋದರು. ಅಲ್ಲಿ ವಯಸ್ಸಾದ ಟೈಲರೊಬ್ಬರು ತಮ್ಮ ಎರಡು ಮೆಷಿನ್ನುಗಳಲ್ಲಿ ಒಂದನ್ನು ಮಾರುತ್ತಾರೆಂದು ಗೊತ್ತಾಗಿತ್ತು. ಮೊದಲು ಬೆಳ್ಳಿ ಮಾರಿ ನೋಟು ಮಾಡಿಕೊಂಡು ಬರುತ್ತೇವೆ ಎಂದೆವು. ಅವರು ಗಂಟು ಬಿಚ್ಚಿಸಿ ನೋಡಿದರು. ಮಗಳ ಮದುವೆ ಗೊತ್ತಾಗಿದೆ, ಹೇಗೂ ಬೆಳ್ಳಿ ಕೊಳ್ಳಲೇಬೇಕು, ಇದನ್ನೇ ಕೊಟ್ಟುಬಿಡಿ ಎಂದರು. ಅಕ್ಕಸಾಲಿಗರ ಅಂಗಡಿಯಲ್ಲಿ ತೂಗಿಸಿ ಅಷ್ಟಕ್ಕಷ್ಟು ಲೆಕ್ಕ ಮುಗಿಸಿದೆವು. ಟಿಬೆಟ್ಟಿನ ಉಣ್ಣೆಗೆ ಬಂದ ಬೆಳ್ಳಿ ಬೆಟ್ಟದಪುರದ ಹಸುವಾಯಿತು, ಹಸು ಹೊಲಿಗೆ ಮೆಷಿನ್ನಾಯಿತು, ಕೊನೆಗೆ ಆ ಬೆಳ್ಳಿ ಆ ಟೈಲರ ಮಗಳ ಕಾಲ್ಗೆಜ್ಜೆಯಾಯಿತು. ನಡುವೆ ಒಂದು ನೋಟೂ ಕೈ ಬದಲಾಗಲಿಲ್ಲ. ಗಾಡಿಯಲ್ಲಿ ಮೆಷಿನ್ನು ಹಿಡಿದುಕೊಂಡು ಊರಿಗೆ ಬರುವಾಗ ನನಗೆ ಆಗಿದ್ದ ಹಿಗ್ಗನ್ನು ಹೇಗೆ ಹೇಳಲಿ.

ಕೆಲವೇ ದಿನದಲ್ಲಿ ಅವಳು ಮತ್ತೆ ಬಂದಳು. ಈ ಸಲ ಅಳುವುದೊಂದು ಬಾಕಿ. ಹಸು ಸೊರೆ ಬಿಡುತ್ತಿಲ್ಲ, ಹಾಲೇ ಇಳಿಸುತ್ತಿಲ್ಲ, ಹತ್ತಿರ ಹೋದರೆ ಒದೆಯುತ್ತದೆ ಎಂದು ಕೈಕಾಲಾಡಿಸಿ ತೋರಿಸಿದಳು. ನಾನು ಅವಳ ಜೊತೆ ಕ್ಯಾಂಪಿಗೆ ಹೋದೆ, ಅದೇ ಮೊದಲು ಹೋದದ್ದು. ಹಸುವಿನ ಮೈ ಸವರಿ ಯಾವಾಗಲೂ ಮಾತಾಡಿಸುವಂತೆ ಮಾತಾಡಿಸಿದೆ. ನಿಲ್ಲವ್ವ, ಬುಡವ್ವ, ಕಾಲೆತ್ತಬೇಡ ಕಣವ್ವ, ನನ್ ಬಂಗಾರ ಅಲ್ವಾ... ಹಾಲು ಸೊರ್ ಎಂದು ಇಳಿಯಿತು. ಹಸುವಿಗೆ ಕನ್ನಡ ಬೇಕಿತ್ತು, ಅಷ್ಟೇ. ಅವಳು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಂದೊಂದು ಮಾತನ್ನೂ ಬಾಯಿಪಾಠ ಮಾಡಿಕೊಂಡಳು.

ಹೀಗೆ ಅವಳು ಮೊದಲು ಕಲಿತದ್ದು ಹಸುವಿನ ಜೊತೆ ಆಡುವ ಕನ್ನಡ. ಅದನ್ನೇ ಎಲ್ಲರ ಮೇಲೂ ಪ್ರಯೋಗ ಮಾಡುತ್ತಿದ್ದಳು. ಬಸ್ ಕಂಡಕ್ಟರಿಗೆ "ನಿಲ್ಲವ್ವ" ಅನ್ನುತ್ತಿದ್ದಳು. ಒಂದು ಸಲ ನಮ್ಮ ಮಾವನವರು ಬಾಗಿಲಲ್ಲಿ ಅಡ್ಡ ನಿಂತಿದ್ದಾಗ ಅವರ ತೋಳು ತಟ್ಟಿ "ಅತ್ಲಾಗ್ ತಿರುಗವ್ವ" ಅಂದುಬಿಟ್ಟಳು. ನಾನೂ ಅತ್ತೆಯವರೂ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಕ್ಕೆವು. ಮಾವನವರು ತಿರುಗಿ ದಾರಿ ಬಿಟ್ಟರು.

ನನ್ನ ಮೆಷಿನ್ನಿಗೆ ಮೊದಲ ಕೆಲಸ ತಂದವಳೂ ಅವಳೇ. ಅವರ ಹೆಂಗಸರು ಸೊಂಟದ ಮುಂದೆ ಕಟ್ಟಿಕೊಳ್ಳುವ ಪಟ್ಟೆಪಟ್ಟೆಯ ಬಟ್ಟೆಯನ್ನು ಮೂರು ತುಂಡು ಕೂಡಿಸಿ ಹೊಲಿಯಬೇಕು. ಒಂದು ತುಂಡಿನ ಪಟ್ಟೆ ಇನ್ನೊಂದರ ಪಟ್ಟೆಗೆ ಸರಿಯಾಗಿ ಸೇರಬಾರದಂತೆ. ನಾನು ಜಾಣೆಯೆಂದು ಸೇರಿಸಿ ಹೊಲಿದು ಬಿಚ್ಚಿಸಿಕೊಂಡೆ. ಆಮೇಲೆ ಇಡೀ ಕ್ಯಾಂಪಿನ ಹೊಲಿಗೆ ನನ್ನ ಮನೆಗೆ ಬರತೊಡಗಿತು. ನನ್ನ ಮಕ್ಕಳ ಶಾಲೆಯ ಖರ್ಚು, ಕೊನೆಗೆ ಆ ಬ್ಯಾರನ್ನಿನ ಪೈಪಿನ ಖರ್ಚೂ ಆ ಮೆಷಿನ್ನಿನಿಂದಲೇ ಹುಟ್ಟಿತು.

ಅವಳ ಕನ್ನಡ ಸ್ವಲ್ಪ ಬಲಿತ ಮೇಲೆ ಒಂದು ಮಧ್ಯಾಹ್ನ ಕೇಳಿದೆ, ಉಳಿದ ಬೆಳ್ಳಿಯನ್ನು ಮಾರಿ ಬ್ಯಾಂಕಿನಲ್ಲಿ ಹಾಕಬಾರದೇಕೆ ಎಂದು. ಅವಳು ಜೋಳ ಬಿಡಿಸುತ್ತಿದ್ದಳು. ತಮ್ಮ ದೇಶ ಬಿಟ್ಟು ಬಂದ ಕಥೆಯನ್ನು ಆವತ್ತು ಸಾವಕಾಶವಾಗಿ ಹೇಳಿದಳು. ಅವಳ ಗಂಡನ ಮನೆಯಲ್ಲಿ ಪೆಟ್ಟಿಗೆ ತುಂಬ ಅವರ ಸರ್ಕಾರದ ನೋಟುಗಳಿದ್ದವು. ಕೆಂಪು ನೀಲಿ ಬಣ್ಣದ ಚೆಂದದ ನೋಟುಗಳು. ಬರುವಾಗ ಅದನ್ನೂ ಹೊತ್ತುಕೊಂಡು ಬಂದಿದ್ದರು. ಗಡಿ ದಾಟಿದ ಮೇಲೆ ಒಂದು ಬೊಗಸೆ ಅಕ್ಕಿಗೂ ಯಾರೂ ಅದನ್ನು ತೆಗೆದುಕೊಳ್ಳಲಿಲ್ಲ. ಕಿವಿಯಲ್ಲಿದ್ದ ಚಿನ್ನ ದಾರಿ ತೋರಿಸಿದವನಿಗೆ ಹೋಯಿತು. ಕೊರಳಿನ ಚಿನ್ನ, ಬೆಟ್ಟದಲ್ಲಿ ರಸ್ತೆ ಕೆಲಸ ಮಾಡುವಾಗ ಗಂಡನಿಗೆ ಜ್ವರ ಬಂದು ಔಷಧಿಗೆ ಹೋಯಿತು. ಗಂಡ ಉಳಿದ. ಸೊಂಟದ ಬೆಳ್ಳಿಯೂ ಉಳಿಯಿತು.

"ಸರ್ಕಾರ ಹೋಯ್ತು, ನೋಟು ಸತ್ತೋಯ್ತು," ಎಂದಳು. "ಬೆಳ್ಳಿ ಸಾಯ್ಲಿಲ್ಲ ಸೊಸೆ. ನನ್ ಜೊತೆ ನಡ್ಕೊಂಡ್ ಬಂತು."

ಆ ಖೋಟಾ ರೂಪಾಯಿಯ ವಿಚಾರವನ್ನೂ ಕೇಳಿದೆ. ಅದನ್ನು ಕೊಟ್ಟವನು ಅವಳ ಮೈದುನನಂತೆ. ಹೊರಡುವ ದಿನ ಇವರ ಪಾಲಿನ ದನಗಳನ್ನು ಅವನು ಇಟ್ಟುಕೊಂಡು ಅದಕ್ಕೆ ಬದಲು ಬೆಳ್ಳಿ ಕೊಟ್ಟಿದ್ದ. ಅವಸರದಲ್ಲಿ ಪರೀಕ್ಷೆ ಮಾಡದೆ ಪಟ್ಟಿಗೆ ಹೊಲಿದುಕೊಂಡದ್ದು ಅವನು ಕೊಟ್ಟವನ್ನು ಮಾತ್ರ. ಮುದುಕಿ ತಾಯಿಯನ್ನು ಬಿಟ್ಟು ಬರಲಾರದೆ ಅವನು ಅಲ್ಲೇ ಉಳಿದ. ಆಮೇಲೆ ಅವನಿಂದ ಒಂದು ಸುದ್ದಿಯೂ ಇಲ್ಲ. ಗೊತ್ತಿದ್ದು ಕೊಟ್ಟನೋ, ಗೊತ್ತಿಲ್ಲದೆ ಕೊಟ್ಟನೋ... ನಮ್ಮ ಜಗಲಿಯ ಮೇಲೆ ಅದು ಬದ್ ಎಂದಾಗ ಅವಳಿಗೆ ಮೊದಲು ಸಿಟ್ಟು ಬಂತಂತೆ. ಮರುಗಳಿಗೆಯಲ್ಲೇ, ಅವನ ಕೈ ಮುಟ್ಟಿದ್ದು ಎಂದು ತನ್ನ ಹತ್ತಿರ ಇರುವುದು ಇದೊಂದೇ ಅನ್ನಿಸಿತಂತೆ. ಬೇರೆ ರೂಪಾಯಿಗಳು ಯಾವುದು ಯಾರು ಕೊಟ್ಟದ್ದೆಂದು ಗೊತ್ತಾಗುವುದಿಲ್ಲ, ಇದು ಗೊತ್ತಾಗುತ್ತದೆ ಎಂದು ನಕ್ಕಳು. ಕಣ್ಣು ಒರೆಸಿಕೊಳ್ಳಲಿಲ್ಲ. ಜೋಳ ಬಿಡಿಸುವುದನ್ನೂ ನಿಲ್ಲಿಸಲಿಲ್ಲ.

ವರ್ಷಗಳು ಹೋದವು. ಅವಳು ನಮ್ಮ ಮನೆಯವರಿಗೆಲ್ಲ ಕ್ಯಾಂಪಿನಕ್ಕ ಆದಳು. ನನ್ನ ಅತ್ತೆ ಮಾವ ತೀರಿಕೊಂಡರು, ಅವಳ ಗಂಡನೂ ತೀರಿಕೊಂಡ. ಬೆನ್ನಿನ ಮೇಲೆ ಕೂಸಾಗಿದ್ದ ಅವಳ ಮಗಳು ದೊಡ್ಡವಳಾಗಿ ಕ್ಯಾಂಪಿನಲ್ಲೇ ನೂಡಲ್ಸ್ ಅಂಗಡಿ ಇಟ್ಟಳು. ಕೆಂದ ಹಸುವಿನ ಸಂತಾನ ಕ್ಯಾಂಪಿನ ಎಷ್ಟೋ ಕೊಟ್ಟಿಗೆಗಳಿಗೆ ಹಂಚಿಹೋಯಿತು.

ನನ್ನ ಮೊಮ್ಮಗಳ ಮದುವೆಗೆ ಇನ್ನೊಂದು ವಾರ ಇದೆ ಅನ್ನುವಾಗ ಐನೂರರ, ಸಾವಿರದ ನೋಟು ಇನ್ನು ನಡೆಯುವುದಿಲ್ಲ ಎಂದು ಟೀವಿಯಲ್ಲಿ ಬಂತು. ಮದುವೆ ಖರ್ಚಿಗೆಂದು ನನ್ನ ಮಗ ಬ್ಯಾಂಕಿನಿಂದ ತಂದಿಟ್ಟಿದ್ದುದೆಲ್ಲ ಅಂಥದೇ ನೋಟು. ದಿನಸಿ ಅಂಗಡಿಯವರು ಗುರುತಿನವರು, ಸಾಲ ಕೊಟ್ಟರು. ಅಡುಗೆಯವರು ಮಾತ್ರ ಒಪ್ಪಲಿಲ್ಲ. ಅವರದ್ದೂ ತಪ್ಪಲ್ಲ. ಜೊತೆಯಲ್ಲಿ ಬರುವ ಆಳುಗಳಿಗೆ ಮುಂಗಡ ಕೊಡಬೇಕು, ಈ ನೋಟನ್ನು ಅವರು ಮುಟ್ಟುವುದಿಲ್ಲ, ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಜಗಲಿಯ ಮೇಲೆ ಕೂತು ಹೇಳುತ್ತಿದ್ದರು. ಮಗ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಬ್ಯಾಂಕಿನ ಮುಂದೆ ನಿಂತು ನಿಂತು ಅವನ ಮುಖ ಇಳಿದುಹೋಗಿತ್ತು. ಆಗಲೇ ಆಟೋ ಬಂದು ನಿಂತಿತು. ಮಗಳ ಕೈಹಿಡಿದು ಕ್ಯಾಂಪಿನಕ್ಕ ಇಳಿದಳು. ಆಗ ಅವಳಿಗೆ ಎಪ್ಪತ್ತು ದಾಟಿತ್ತು, ಸೊಂಟ ಬಾಗಿತ್ತು.

"ನಿಮ್ ನೋಟೂ ಸತ್ತೋಯ್ತಾ ಸೊಸೆ?" ಎಂದಳು. ಅದರಲ್ಲಿ ಹಾಸ್ಯವಿರಲಿಲ್ಲ. ಸಾವಿನ ಮನೆಗೆ ಬಂದವರು ಕೇಳುವ ಹಾಗೆ ಕೇಳಿದಳು.

ಮಡಿಲಿನಿಂದ ಒಂದು ಚೀಲ ತೆಗೆದು ಜಗಲಿಯ ಮೇಲೆ ಬಿಚ್ಚಿದಳು. ಉಳಿದಿದ್ದ ಬೆಳ್ಳಿಯಷ್ಟೂ ಅಲ್ಲಿತ್ತು. ಮಗ ಸಂಕೋಚದಿಂದ, ಇದನ್ನೆಲ್ಲ ಈಗ ಯಾರು ತಗೋತಾರೆ ಅಜ್ಜಿ ಎಂದ. ಅವಳು ಅವನ ಮಾತಿಗೆ ಕಿವಿಗೊಡದೆ ಒಂದು ರೂಪಾಯಿ ಎತ್ತಿ ಅಡುಗೆಯವರ ಕೈಯಲ್ಲಿಟ್ಟಳು. ಅವರು ಅದನ್ನು ತಿರುಗಿಸಿ ನೋಡಿದರು. ಬೆರಳ ತುದಿಯಲ್ಲಿ ಕೂರಿಸಿ ಉಗುರಿನಿಂದ ಚಿಮ್ಮಿ ಕೇಳಿದರು. ನಮ್ಮಜ್ಜಿ ಹತ್ರ ಇಂಥವು ಇದ್ವು ಕಣ್ರೀ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಗುರುತಿನ ಅಕ್ಕಸಾಲಿಗರಿಗೆ ಫೋನ್ ಮಾಡಿ ಧಾರಣೆ ಕೇಳಿದರು. ಆಯ್ತು ಕೊಡಿ, ಆಳುಗಳಿಗೆ ನಾನು ಹೇಗಾದರೂ ಹೊಂದಿಸಿಕೊಡುತ್ತೇನೆ ಎಂದು ಎದ್ದರು. ಮದುವೆ ಸಾಂಗವಾಗಿ ಆಯಿತು. ಕ್ಯಾಂಪಿನಕ್ಕ ಮುಂದಿನ ಸಾಲಿನಲ್ಲೇ ಕೂತು ಹೋಳಿಗೆ ಊಟ ಮಾಡಿದಳು.

ಕೆಲವು ತಿಂಗಳ ಮೇಲೆ ಎಲ್ಲ ಸರಿಹೋಯಿತು. ಮಗ ಊರೂರು ಸುತ್ತಿ ಅಷ್ಟೇ ಬೆಳ್ಳಿ ರೂಪಾಯಿಗಳನ್ನು ಕೊಂಡು ತಂದ. ನಾನೂ ಅವನೂ ಕ್ಯಾಂಪಿಗೆ ಹೋಗಿ ಕೊಟ್ಟೆವು. ಬೇಡ ಅನ್ನುತ್ತಾಳೇನೋ, ಹೇಗೆ ಒಪ್ಪಿಸುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವಳು ಬೇಡ ಅನ್ನಲಿಲ್ಲ. ನೆಲದ ಮೇಲೆ ಕೂತು ಒಂದೊಂದನ್ನೂ ಕಲ್ಲಿಗೆ ಬಡಿದು, ಕಿವಿ ಮಂದವಾಗಿದ್ದರಿಂದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳಿಂದಲೂ ಕೇಳಿಸಿ, ಎಲ್ಲ ಒಳ್ಳೆಯವೆಂದು ಖಾತರಿಯಾದ ಮೇಲೆ ಚೀಲಕ್ಕೆ ಹಾಕಿಕೊಂಡಳು. ಅದರಲ್ಲಿ ಅಷ್ಟೂ ವರ್ಷದ ನಮ್ಮ ಸ್ನೇಹಕ್ಕೆ ಒಂದು ಚೂರೂ ಊನವಾಗಲಿಲ್ಲ. ಆಮೇಲೆ ಉಪ್ಪು ಬೆಣ್ಣೆ ಹಾಕಿದ ಅವರ ಚಹಾ ಕೊಟ್ಟಳು. ಅದು ನನಗೆ ಎಂದೂ ಒಗ್ಗಲಿಲ್ಲ, ಎಂದೂ ಬಿಟ್ಟು ಬರಲೂ ಇಲ್ಲ.

ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ಅವಳು ಹೋಗಿಬಿಟ್ಟಳು. ಮಲಗಿದ್ದವಳು ಬೆಳಿಗ್ಗೆ ಏಳಲಿಲ್ಲವಂತೆ. ನನಗೆ ಮಂಡಿನೋವು ಹೆಚ್ಚಾಗಿ ಮೈಸೂರಿನ ಆಸ್ಪತ್ರೆಯಲ್ಲಿದ್ದೆ, ಮುಖ ನೋಡಲು ಆಗಲಿಲ್ಲ. ಅವರಲ್ಲಿ ಸತ್ತವರಿಗೆ ಕೆಲವು ವಾರ ಪೂಜೆ ನಡೆಯುತ್ತದೆ. ಕೊನೆಯ ದಿನದ ಪೂಜೆಗೆ ಮಗಳು ನನಗೆ ಹೇಳಿಕಳಿಸಿದಳು. ದೇವಸ್ಥಾನದ ಒಂದು ಕೋಣೆಯ ತುಂಬ ಸಾಲು ಸಾಲು ಬೆಣ್ಣೆಯ ದೀಪ. ನನ್ನ ಕೈಗೂ ಒಂದು ಬತ್ತಿ ಕೊಟ್ಟು, ಇವತ್ತಿಗೆ ಅಮ್ಮನ ದಾರಿ ಮುಗಿಯುತ್ತದೆ ಅಕ್ಕ, ಇನ್ನು ಎಲ್ಲೋ ಒಂದು ಕಡೆ ಹುಟ್ಟುತ್ತಾಳೆ, ದೀಪ ಹಚ್ಚಿ ಏನಾದರೂ ಹೇಳಿ ಎಂದಳು.

ಅವರ ಮಂತ್ರ ನನಗೆ ಬರುವುದಿಲ್ಲ. ನಮ್ಮ ಮಂತ್ರ ಅಲ್ಲಿಗೆ ಹೊಂದುತ್ತದೋ ಇಲ್ಲವೋ ತಿಳಿಯಲಿಲ್ಲ. ಮನೆಯಿಂದ ಹೊರಟವರಿಗೆ ನಾವು ಹೋಗು ಅನ್ನುವವರಲ್ಲವಲ್ಲ, ಬಾಯಿಗೆ ಅದೇ ಬಂತು.

"ಹೋಗ್ಬುಟ್ಟು ಬಾರಕ್ಕ," ಎಂದೆ.

ಈಗ ವಾರಕ್ಕೊಮ್ಮೆ ಬಸ್ಸಿನಲ್ಲಿ ಆ ದಾರಿಯಲ್ಲಿ ಹೋಗುತ್ತೇನೆ. ತಿರುವಿನಲ್ಲಿ ಅವರ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಸ್ಸಿಗೆ ಕಾಯುತ್ತಿರುತ್ತಾರೆ. ಅವಳು ಹೋದ ಮೇಲೆ, ಕಳೆದ ವರ್ಷ ಹುಟ್ಟಿದ ಕೂಸುಗಳು ಅವು, ಕೆಲವಕ್ಕೆ ಆಗಲೇ ಹಲ್ಲು ಬಂದಿವೆ. ಅವಳು ಇಲ್ಲ ಅನ್ನುವುದು ನನಗೆ ಗೊತ್ತು. ಆದರೂ ಪಕ್ಕದಲ್ಲಿ ತಾಯಿಯ ಮಡಿಲಲ್ಲಿ ಯಾವುದಾದರೂ ಕೂಸು ಬಂದು ಕೂತರೆ, ಕನ್ನಡದಲ್ಲೇ ಮಾತಾಡಿಸುತ್ತೇನೆ.